ಕಡಲಾಚೆಯ ಪಂಜಾಬಿಗಳೂ ಬಾನುಲಿಯ ನಗೆಯೂ

ನಗೆಯನ್ನು ಕುರಿತು ಗಂಭೀರವಾಗಿ ಬರೆಯಹೊರಟವನು ತಾನೇ ನಗೆಗೀಡಾಗುವ ಸಂಭವವುಂಟು. ಆದರೂ ಈ ಸಾಹಸಕ್ಕೆ ಕೈಹಾಕಿದ್ದೇನೆ. ಭಾಷೆಯ ಉಳಿವು, ಸಂಸ್ಕೃತಿಯ ರಕ್ಷಣೆ ಎಂಬ ಮಾತುಗಳು ನಮ್ಮ ಕಾಲೇಜಿನ ವೇದಿಕೆಯ ಮೇಲೆ ವರ್ಷಕ್ಕೊಮ್ಮೆಯಾದರೂ ಕೇಳಿಬರುತ್ತವೆ. ಆಗ ಶಾಲೆಯ ಹೆಸರು ಹೇಳುತ್ತೇವೆ, ಗ್ರಂಥಾಲಯದ ಹೆಸರು ಹೇಳುತ್ತೇವೆ, ಸರ್ಕಾರದ ಆಜ್ಞೆಗಳ ಹೆಸರು ಹೇಳುತ್ತೇವೆ. ನಗೆಯ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅದು ಊಟದ ಎಲೆಯ ತುದಿಯಲ್ಲಿ ಬಡಿಸುವ ಉಪ್ಪಿನಕಾಯಿಯಷ್ಟೇ ಎಂದು ನಮ್ಮ ಭಾವನೆ. ತವರಿನಿಂದ ಸಾವಿರಾರು ಮೈಲಿ ದೂರದಲ್ಲಿ ನೆಲಸಿರುವ ಪಂಜಾಬಿ ಕುಟುಂಬಗಳ ಕಥೆಯನ್ನು ನೋಡಿದರೆ ಈ ಭಾವನೆ ಸರಿಯಲ್ಲವೆಂದು ತೋರುತ್ತದೆ. ಮನೆಮಾತು ಮೂರನೆಯ ತಲೆಮಾರಿನ ನಾಲಗೆಯ ಮೇಲೂ ನಿಲ್ಲಬೇಕಾದರೆ, ಆ ಮಾತಿನಲ್ಲಿ ಮನೆಯವರೆಲ್ಲ ಕೂಡಿ ನಗುವುದು ಸಾಧ್ಯವಾಗಿರಬೇಕು. ಅಂಥ ನಗೆಗೆ ಸಮುದಾಯ ಬಾನುಲಿಯಷ್ಟು ಒಳ್ಳೆಯ ಮನೆ ಬೇರೊಂದಿಲ್ಲ. ಇದು ನನ್ನ ಅಭಿಪ್ರಾಯ. ಇದನ್ನು ಸಮರ್ಥಿಸುವುದೇ ಈ ಲೇಖನದ ಉದ್ದೇಶ.

ಕನ್ನಡ ನಾಡಿನ ವಿದ್ಯಾರ್ಥಿಗೆ ಪಂಜಾಬಿಗಳ ಗೊಡವೆ ಏಕೆಂದು ಹೊರಗಿನವರು ಕೇಳಬಹುದು. ಬೀದರಿನವರು ಕೇಳಲಾರರು. ನಮ್ಮ ಊರಿನ ನಾನಕ್ ಝೀರಾ ಗುರುದ್ವಾರಕ್ಕೆ ದೇಶದ ಮೂಲೆಮೂಲೆಗಳಿಂದ ಯಾತ್ರಿಕರು ಬರುತ್ತಾರೆ. 1699ರಲ್ಲಿ ಗುರು ಗೋವಿಂದ ಸಿಂಗರು ಆನಂದಪುರದಲ್ಲಿ ಖಾಲ್ಸಾ ಪಂಥವನ್ನು ಸ್ಥಾಪಿಸಿದಾಗ ಮೊದಲು ದೀಕ್ಷೆ ಪಡೆದ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗರು ಬೀದರಿನವರೆಂಬುದು ಸಿಖ್ ಸಂಪ್ರದಾಯದ ಮಾತು. ಹೀಗಾಗಿ ಪಂಜಾಬಿ ನುಡಿ ನಮ್ಮ ಬೀದಿಗಳಿಗೆ ಅಪರಿಚಿತವಲ್ಲ. ನನ್ನ ಸಹಪಾಠಿಯೊಬ್ಬನ ಮನೆಯಲ್ಲಿ ಅದೇ ಮನೆಮಾತು. ಅವನ ತಂದೆಯ ತಂಗಿ ಲಂಡನ್ನಿನ ಸೌಥಾಲ್ ಎಂಬಲ್ಲಿ ಸಂಸಾರ ಹೂಡಿದ್ದಾರೆ. ಅವರ ಮನೆಯ ಸುದ್ದಿ ಕೇಳುತ್ತ ಕೇಳುತ್ತ ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿತು.

ಪಂಜಾಬಿಗಳು ನೆಲ ಬಿಟ್ಟು ನೀರು ದಾಟಿದ್ದು ನಿನ್ನೆ ಮೊನ್ನೆಯಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪೂರ್ವ ಆಫ್ರಿಕದ ರೈಲುದಾರಿಯನ್ನು ಹಾಕಲು ಹೋದ ಕೂಲಿಗಳಲ್ಲಿಯೂ ಕುಶಲಕರ್ಮಿಗಳಲ್ಲಿಯೂ ಪಂಜಾಬಿನವರು ಬಹಳ ಮಂದಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೆನಡಾದ ಪಶ್ಚಿಮ ತೀರದ ಮರ ಕೊಯ್ಯುವ ಕಾರ್ಖಾನೆಗಳಿಗೆ ಹೋದವರುಂಟು. 1914ರಲ್ಲಿ ಕೊಮಗಾಟ ಮಾರು ಎಂಬ ಹಡಗಿನಲ್ಲಿ ಹೋದ 376 ಜನರಲ್ಲಿ ಹೆಚ್ಚಿನವರು ಪಂಜಾಬಿಗಳು. ಅವರು ಎರಡು ತಿಂಗಳು ವ್ಯಾಂಕೂವರ್ ಬಂದರಿನಲ್ಲಿಯೇ ನಿಂತು, ಕೆಲವರನ್ನು ಬಿಟ್ಟರೆ ಉಳಿದವರೆಲ್ಲ ನೆಲ ಮುಟ್ಟಲು ಅನುಮತಿ ಸಿಗದೆ ಹಿಂದಿರುಗಬೇಕಾಯಿತು. ಎರಡನೆಯ ಮಹಾಯುದ್ಧದ ತರುವಾಯ, 1948ರ ಬ್ರಿಟಿಷ್ ಪೌರತ್ವ ಕಾನೂನಿನ ಬಲದಿಂದ, ಜಲಂಧರ್ ಮತ್ತು ಹೋಶಿಯಾರ್‌ಪುರ ಜಿಲ್ಲೆಗಳ ಎಷ್ಟೋ ರೈತ ಕುಟುಂಬಗಳ ತರುಣರು ಇಂಗ್ಲೆಂಡಿನ ಕಾರ್ಖಾನೆಗಳನ್ನು ಸೇರಿದರು. ಸೌಥಾಲಿನ ರಬ್ಬರು ಕಾರ್ಖಾನೆಯೊಂದು ಇಂಥ ಕೆಲಸಗಾರರಿಂದಲೇ ತುಂಬಿತ್ತು. ಹೋದವರು ನಾಲ್ಕು ವರ್ಷ ದುಡಿದು ಹೊಲ ಕೊಂಡುಕೊಳ್ಳಲು ಹಿಂದಿರುಗುವ ಹಂಬಲದಿಂದ ಹೋದವರು. ಆದರೆ ಹೆಂಡಿರು ಬಂದರು, ಮಕ್ಕಳು ಹುಟ್ಟಿದರು, ಮಕ್ಕಳು ಶಾಲೆಗೆ ಹೋದರು; ಹಿಂದಿರುಗುವ ದಿನ ಮುಂದೆ ಮುಂದೆ ಹೋಯಿತು.

ಅಂದಿನಿಂದ ಮನೆಯೊಳಗೆ ಒಂದು ಸದ್ದಿಲ್ಲದ ನಷ್ಟ ಆರಂಭವಾಯಿತು. ಅಜ್ಜಿಗೆ ಪಂಜಾಬಿಯೊಂದೇ ಗೊತ್ತು. ತಾಯಿಗೆ ಎರಡೂ ಗೊತ್ತು. ಮೊಮ್ಮಗನಿಗೆ ಅರ್ಥವಾಗುತ್ತದೆ, ಆಡಲು ಬಾರದು. ಅವನ ಮಗನಿಗೆ ಅರ್ಥವೂ ಆಗದೆ ಹೋಗಬಹುದು. 2021ರ ಜನಗಣತಿಯಂತೆ ಇಂಗ್ಲೆಂಡ್ ಮತ್ತು ವೇಲ್ಸ್ ಪ್ರಾಂತಗಳಲ್ಲಿ ಸಿಖ್ಖರು ಸುಮಾರು 5 ಲಕ್ಷ 24 ಸಾವಿರ. ಪಂಜಾಬಿಯೇ ನಮ್ಮ ಮುಖ್ಯ ಭಾಷೆಯೆಂದು ಬರೆಸಿದವರು ಸುಮಾರು 2 ಲಕ್ಷ 91 ಸಾವಿರ. ಪಂಜಾಬಿ ಮುಸಲ್ಮಾನರನ್ನೂ ಹಿಂದೂಗಳನ್ನೂ ಲೆಕ್ಕಕ್ಕೆ ಹಿಡಿದರೆ ಈ ಅಂತರ ಇನ್ನೂ ಹಿಗ್ಗುತ್ತದೆ. ಇಂಗ್ಲಿಷನ್ನು ಮುಖ್ಯ ಭಾಷೆಯೆಂದು ಬರೆಸಿದವರಲ್ಲಿ ಮನೆಯಲ್ಲಿ ಪಂಜಾಬಿ ಆಡುವವರೂ ಇರುತ್ತಾರೆಂಬುದು ನಿಜ. ಆದರೂ ಮುಖ್ಯವಾದದ್ದು ಯಾವುದು ಎಂದು ಕೇಳಿದಾಗ ಉತ್ತರ ಬದಲಾಗುತ್ತಿದೆ ಎಂಬುದನ್ನು ಮರೆಯುವಂತಿಲ್ಲ. ಕೆನಡಾದಲ್ಲಿ ಅದೇ ವರ್ಷದ ಗಣತಿಯಂತೆ ಸಿಖ್ಖರು 7 ಲಕ್ಷ 71 ಸಾವಿರಕ್ಕೂ ಮಿಗಿಲು. ಅಲ್ಲಿ ಹೊಸಬರು ಬರುತ್ತಿದ್ದುದರಿಂದ ಭಾಷೆಗೆ ಹೊಸ ನೀರು ಸಿಗುತ್ತ ಬಂದಿದೆ. ಹೊಸ ನೀರನ್ನೇ ನಂಬಿದ ಕೆರೆ ಎಷ್ಟು ಕಾಲ ತುಂಬಿರಬಲ್ಲದು ಎಂಬುದು ಬೇರೆ ಪ್ರಶ್ನೆ.

ಇಂಥ ಮನೆಗಳಿಗೆ ಬಾನುಲಿ ಬಂದ ಬಗೆಯನ್ನು ಸ್ವಲ್ಪ ನೋಡೋಣ. ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆ 1965ರಲ್ಲಿ ವಲಸೆ ಬಂದವರಿಗಾಗಿ ಹಿಂದೂಸ್ತಾನಿಯಲ್ಲಿ ಒಂದು ಕಾರ್ಯಕ್ರಮವನ್ನು ಆರಂಭಿಸಿತು. ‘ನಿಮ್ಮ ಮನೆಯೆಂದೇ ತಿಳಿಯಿರಿ’ ಎಂಬ ಅರ್ಥದ ಹೆಸರು ಅದಕ್ಕೆ. ಇಂಗ್ಲಿಷ್ ಕಲಿಸುವುದು, ಆ ದೇಶದ ಬದುಕಿನ ರೀತಿನೀತಿಗಳನ್ನು ಪರಿಚಯ ಮಾಡಿಕೊಡುವುದು ಅದರ ಗುರಿ. ಉದ್ದೇಶ ಒಳ್ಳೆಯದೇ. ಆದರೆ ಅದು ಮನೆಯ ಯಜಮಾನ ಅತಿಥಿಗೆ ಹೇಳುವ ಮಾತು. ಅತಿಥಿಗಳು ತಮ್ಮ ತಮ್ಮಲ್ಲಿ ಆಡಿಕೊಳ್ಳುವ ಮಾತಿಗೆ ಬೇರೊಂದು ಜಾಗ ಬೇಕಾಗಿತ್ತು. 1989ರಲ್ಲಿ ಲಂಡನ್ನಿನ ಪಶ್ಚಿಮ ಭಾಗದಲ್ಲಿ ಸನ್‌ರೈಸ್ ರೇಡಿಯೋ ಬಂದಿತು. ಅದು ವ್ಯಾಪಾರಿ ಕೇಂದ್ರ. 2002ರಲ್ಲಿ ಸೌಥಾಲಿನ ಪಂಜಾಬಿ ಸೆಂಟರ್ ಎಂಬ ಸಂಸ್ಥೆಯ ಆಶ್ರಯದಲ್ಲಿ ದೇಸಿ ರೇಡಿಯೋ ಮಧ್ಯಮ ತರಂಗದ 1602 ಕಿಲೋಹರ್ಟ್ಸ್‌ನಲ್ಲಿ ಆರಂಭವಾಯಿತು. ಬ್ರಿಟನ್ನಿನಲ್ಲಿ ಸಮುದಾಯ ಬಾನುಲಿಯನ್ನು ಪರೀಕ್ಷಾರ್ಥವಾಗಿ ನಡೆಸಿ ನೋಡಲು ಆರಿಸಿದ ಕೆಲವೇ ಕೇಂದ್ರಗಳಲ್ಲಿ ಅದೂ ಒಂದು. ಆ ಪ್ರಯೋಗಗಳ ಫಲವಾಗಿ 2004ರಲ್ಲಿ ಸಮುದಾಯ ಬಾನುಲಿಗೆ ಅಲ್ಲಿ ಕಾನೂನಿನ ಆಧಾರ ದೊರೆಯಿತು. ಲಾಭಕ್ಕಾಗಿ ನಡೆಯಕೂಡದು, ಸುತ್ತಣ ಜನರಿಗೆ ಉಪಯೋಗವಾಗಬೇಕು, ಅವರೇ ಅದರಲ್ಲಿ ಭಾಗವಹಿಸಬೇಕು ಎಂಬುದು ಆ ಕಾನೂನಿನ ತಿರುಳು.

ಕೆನಡಾದಲ್ಲಿ ಈ ಹಸಿವು ಎಷ್ಟಿತ್ತೆಂಬುದಕ್ಕೆ ಒಂದು ಪ್ರಸಂಗವೇ ಸಾಕು. ವ್ಯಾಂಕೂವರ್ ಸುತ್ತಿನ ಪಂಜಾಬಿ ಕೇಳುಗರಿಗಾಗಿ ಕೆಲವು ಕೇಂದ್ರಗಳು ಗಡಿಯಾಚೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಪ್ರಸಾರ ಸ್ತಂಭಗಳನ್ನು ಬಾಡಿಗೆಗೆ ಹಿಡಿದು ಕಾರ್ಯಕ್ರಮ ಬಿತ್ತರಿಸುತ್ತಿದ್ದವು. ಮಾತಾಡುವವರು ಕೆನಡಾದಲ್ಲಿ, ಕೇಳುವವರೂ ಕೆನಡಾದಲ್ಲಿ. ಅಲೆಗಳು ಮಾತ್ರ ಹೊರದೇಶಕ್ಕೆ ಹೋಗಿ ಹಿಂದಿರುಗುತ್ತಿದ್ದವು! ಪರವಾನಗಿಯಿಲ್ಲದೆ ನಡೆಯುತ್ತಿದ್ದ ಈ ಪ್ರಸಾರವನ್ನು 2014ರಲ್ಲಿ ಅಲ್ಲಿಯ ಪ್ರಸಾರ ನಿಯಂತ್ರಣ ಆಯೋಗ ವಿಚಾರಣೆಗೆ ಕರೆದು ತಡೆಯಿತು. ನಿಯಮದ ಮಾತು ನಿಯಮಕ್ಕೆ ಸರಿ. ಆದರೆ ಇಷ್ಟು ಪಾಡುಪಟ್ಟು ಮನೆಮಾತನ್ನು ಕೇಳಬೇಕೆಂಬ ಜನ ಅದನ್ನು ಕೇವಲ ಸುದ್ದಿಗಾಗಿ ಕೇಳುತ್ತಿದ್ದರೇ? ನನಗೆ ಹಾಗೆನ್ನಿಸುವುದಿಲ್ಲ. ಲಾರಿ ಓಡಿಸುವವನಿಗೆ, ಟ್ಯಾಕ್ಸಿಯವನಿಗೆ, ಅಂಗಡಿಯ ಗಲ್ಲಾದ ಹಿಂದೆ ಕುಳಿತವಳಿಗೆ ಹತ್ತು ಗಂಟೆಗಳ ಒಂಟಿತನದ ಮಧ್ಯೆ ಊರ ಅರಳಿಕಟ್ಟೆಯ ಹರಟೆ ಬೇಕು. ಹರಟೆಯೆಂದ ಮೇಲೆ ನಗೆಯಿಲ್ಲದೆ ಆದೀತೆ?

ಈ ನಗೆ ಪರದೇಶದಲ್ಲಿ ಹುಟ್ಟಿದ್ದಲ್ಲ. ಅದರ ಬೇರು ಪಂಜಾಬಿನ ಹಳ್ಳಿಯ ಅಂಗಳದಲ್ಲಿದೆ. ಅಲ್ಲಿ ಭಾಂಡರೆಂಬ ವಿನೋದಗಾರರ ಪರಂಪರೆಯುಂಟು. ಇಬ್ಬರು ನಿಂತು ಸವಾಲು ಜವಾಬು ನಡೆಸುತ್ತಾರೆ. ಒಬ್ಬ ಬುದ್ಧಿವಂತನಂತೆ ಪ್ರಶ್ನೆ ಕೇಳುತ್ತಾನೆ, ಇನ್ನೊಬ್ಬ ಪೆದ್ದನಂತೆ ಉತ್ತರ ಕೊಟ್ಟು ಚರ್ಮದ ಪಟ್ಟಿಯ ಏಟು ತಿನ್ನುತ್ತಾನೆ. ಏಟು ಪೆದ್ದನಿಗೆ, ಆದರೆ ಉತ್ತರದ ಚುರುಕು ತಟ್ಟುವುದು ಎದುರಿಗೆ ಕುಳಿತ ಜಮೀನುದಾರನಿಗೆ. ನಮ್ಮ ಬಯಲಾಟದ ಹಾಸ್ಯಗಾರನನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೇಡಿಯೋ ಬಂದಾಗ ಈ ಜೋಡಿ ಸುಲಭವಾಗಿ ಧ್ವನಿವರ್ಧಕದ ಮುಂದೆ ಬಂದು ನಿಂತಿತು. ಇಬ್ಬರ ಮಾತಿಗೆ ಪರದೆ ಬೇಡ, ವೇಷ ಬೇಡ. ಲಾಹೋರ್ ಕೇಂದ್ರದ ಗ್ರಾಮೀಣ ಕಾರ್ಯಕ್ರಮದ ನಿಜಾಮ್ ದೀನ್ ಎಂಬ ಪಾತ್ರ ಗಡಿಯ ಎರಡೂ ಕಡೆ ಮನೆಮಾತಾಗಿತ್ತು. ಜಲಂಧರ್ ಕೇಂದ್ರದಲ್ಲಿ ಚಾಚಾ ಕುಮೇದಾನ್ ಇದ್ದ. ನಮ್ಮಲ್ಲಿ ಬೆಂಗಳೂರು ಆಕಾಶವಾಣಿಯ ‘ಈರಣ್ಣ’ನಾಗಿ ಎ. ಎಸ್. ಮೂರ್ತಿಯವರು ಕೇಳುಗರ ಮನೆಯವರೇ ಆಗಿಬಿಟ್ಟದ್ದನ್ನು ಹಿರಿಯರು ಈಗಲೂ ನೆನೆಯುತ್ತಾರಲ್ಲವೇ? ಅದೇ ಬಗೆ.

1988ರಲ್ಲಿ ಲುಧಿಯಾನದ ಕೃಷಿ ವಿಶ್ವವಿದ್ಯಾಲಯದ ಜಸ್ವಿಂದರ್ ಭಲ್ಲಾ ಅವರು ಬಾಲ ಮುಕುಂದ ಶರ್ಮಾ ಅವರೊಡನೆ ‘ಛಣಕಾಟಾ’ ಎಂಬ ವಿನೋದ ಕ್ಯಾಸೆಟ್ಟುಗಳ ಮಾಲೆಯನ್ನು ಆರಂಭಿಸಿದರು. ಅದರ ನಾಯಕ ಚಾಚಾ ಚತ್ತರ್ ಸಿಂಗ್ ಎಂಬ ಹಳ್ಳಿಯ ಮುದುಕ. ಭಲ್ಲಾ ಅವರು ಕೃಷಿ ವಿಸ್ತರಣೆಯ ಅಧ್ಯಾಪಕರು, ಅಂದರೆ ರೈತರಿಗೆ ಅರ್ಥವಾಗುವಂತೆ ಮಾತಾಡುವುದೇ ಅವರ ವೃತ್ತಿ. 2025ರ ಆಗಸ್ಟಿನಲ್ಲಿ ಅವರು ತೀರಿಕೊಂಡಾಗ ಶೋಕ ಪಂಜಾಬಿಗೆ ಸೀಮಿತವಾಗಿರಲಿಲ್ಲ. ಕಡಲಾಚೆಯ ಪಂಜಾಬಿಗಳೂ ಅತ್ತರು. ಕ್ಯಾಸೆಟ್ಟಿನ ವಿನೋದದಿಂದಲೇ ಹೆಸರಾದ ಭಗವಂತ ಮಾನ್ 2022ರಲ್ಲಿ ಪಂಜಾಬಿನ ಮುಖ್ಯಮಂತ್ರಿಯಾದರು. ರಾಜಕೀಯವನ್ನು ಬದಿಗಿಟ್ಟು ನೋಡಿದರೂ, ಆ ಜನ ನಗಿಸುವವನ ಮಾತಿಗೆ ಎಂಥ ಬೆಲೆ ಕೊಡುತ್ತಾರೆಂಬುದು ಇದರಿಂದ ತಿಳಿಯುತ್ತದೆ.

ಇಷ್ಟರಿಂದ ಭಾಷೆ ಹೇಗೆ ಉಳಿಯಿತು ಎಂದು ಕೇಳಬಹುದು. ಒಂದು ಉದಾಹರಣೆಯಿಂದ ಹೇಳುತ್ತೇನೆ. ಪಂಜಾಬಿಯಲ್ಲಿ ತಂದೆಯ ತಮ್ಮ ಚಾಚಾ, ತಂದೆಯ ಅಣ್ಣ ತಾಯಾ, ತಾಯಿಯ ಸಹೋದರ ಮಾಮಾ, ತಾಯಿಯ ಸಹೋದರಿಯ ಗಂಡ ಮಾಸಡ್, ತಂದೆಯ ಸಹೋದರಿಯ ಗಂಡ ಫುಫ್ಫಡ್. ಇಂಗ್ಲಿಷಿನಲ್ಲಿ ಇವರೆಲ್ಲರೂ ಒಂದೇ ‘ಅಂಕಲ್’. ಐದು ಬಾಗಿಲಿನ ಮನೆಯನ್ನು ಒಂದೇ ಬಾಗಿಲಿನದಾಗಿ ಮಾಡಿದಂತೆ. ಇವರಲ್ಲಿ ಫುಫ್ಫಡನೆಂಬಾತ ಪಂಜಾಬಿ ವಿನೋದದ ಸ್ಥಿರ ಆಸ್ತಿ. ಅವನು ಆ ಮನೆಯ ಹಳೆಯ ಅಳಿಯ. ಮದುವೆಯಲ್ಲಿ ತನಗೆ ಸಾಕಷ್ಟು ಮರ್ಯಾದೆ ಸಿಗಲಿಲ್ಲವೆಂದು ಮುಖ ಊದಿಸಿಕೊಂಡು ಕೂರುವುದು ಅವನ ಹಕ್ಕು. ಬಾನುಲಿಯಲ್ಲಿ ಇಬ್ಬರು ಈ ಫುಫ್ಫಡನ ಮುನಿಸನ್ನು ವರ್ಣಿಸತೊಡಗಿದರೆ ದೊಡ್ಡವರು ಬಿದ್ದು ಬಿದ್ದು ನಗುತ್ತಾರೆ. ಪಕ್ಕದಲ್ಲಿ ಕುಳಿತ ಹುಡುಗ, ಫುಫ್ಫಡನೆಂದರೆ ಯಾರು ಎಂದು ಕೇಳಿಯೇ ಕೇಳುತ್ತಾನೆ. ಅಂಕಲ್ಲನ ಮೇಲೆ ಆ ಹಾಸ್ಯವನ್ನು ಕಟ್ಟಲು ಬರುವುದಿಲ್ಲ. ಆದ್ದರಿಂದ ಆ ಶಬ್ದ ಬೇಕೇ ಬೇಕು. ಶಬ್ದದ ಹಿಂದೆ ಸಂಬಂಧ ಬರುತ್ತದೆ, ಸಂಬಂಧದ ಹಿಂದೆ ಮದುವೆಮನೆಯ ಇಡೀ ರೀತಿ ಬರುತ್ತದೆ. ಪಾಠಪುಸ್ತಕದಲ್ಲಿ ಬಂಧುವಾಚಕಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಿದರೆ ಎಷ್ಟು ದಿನ ನೆನಪಿದ್ದೀತು?

ನನ್ನ ಸಹಪಾಠಿಯ ಮನೆಯಲ್ಲಿ ಇದೇ ನಡೆಯಿತು. ಸೌಥಾಲಿನ ಸೋದರತ್ತೆಯ ಮಕ್ಕಳು ದೂರವಾಣಿಯಲ್ಲಿ ಅಜ್ಜಿಗೆ ‘ಸತ್ ಸ್ರೀ ಅಕಾಲ್’ ಎಂದು ಹೇಳಿ, ಚೆನ್ನಾಗಿದ್ದೀರಾ ಎಂದು ಕೇಳಿ ತಾಯಿಯ ಕೈಗೆ ಕೊಟ್ಟುಬಿಡುತ್ತಿದ್ದರಂತೆ. ಒಂದು ದಿನ ಆ ಹುಡುಗ ಬಾನುಲಿಯಲ್ಲಿ ಕೇಳಿದ ಫುಫ್ಫಡನ ಮಾತನ್ನು ತಪ್ಪುತಪ್ಪಾಗಿ ಒಪ್ಪಿಸಿದ. ಅಜ್ಜಿ ಅದನ್ನು ತಿದ್ದಿದರು. ತಿದ್ದುತ್ತ ತಮ್ಮ ಮದುವೆಯಲ್ಲಿ ನಿಜವಾಗಿ ಮುನಿದು ಹೋದ ಒಬ್ಬ ಫುಫ್ಫಡನ ಕಥೆಯನ್ನು ಹೇಳಿದರು. ಆ ದಿನ ಮಾತು ಅರ್ಧ ಗಂಟೆ ನಡೆಯಿತೆಂದು ನನ್ನ ಮಿತ್ರ ಹೇಳಿದ. ಇದರಿಂದ ಭಾಷೆಯೇ ಉದ್ಧಾರವಾಯಿತೆಂದು ನಾನು ಹೇಳುವುದಿಲ್ಲ. ಆದರೆ ಕ್ಷೇಮಸಮಾಚಾರಕ್ಕೆ ಮುಗಿಯುತ್ತಿದ್ದ ಮಾತು ಅದನ್ನು ದಾಟಿ ಮುಂದೆ ಹೋಗಲು ಒಂದು ಕಾರಣ ಬೇಕಾಗಿತ್ತು. ಆ ಕಾರಣವನ್ನು ನಗೆ ಒದಗಿಸಿತು.

ಇನ್ನೊಂದು ಅಂಶವನ್ನು ನಮ್ಮ ಭಾಷಾವಿಭಾಗದ ಅಧ್ಯಾಪಕರು ವಿಶೇಷವಾಗಿ ಗಮನಿಸಬೇಕೆಂದು ಪ್ರಾರ್ಥಿಸುತ್ತೇನೆ. ಪಂಜಾಬಿಗೆ ಎರಡು ಲಿಪಿಗಳು. ಭಾರತದಲ್ಲಿ ಗುರುಮುಖಿ, ಪಾಕಿಸ್ತಾನದಲ್ಲಿ ಅರಬ್ಬೀ ಮೂಲದ ಶಾಹ್‌ಮುಖಿ. 1947ರ ವಿಭಜನೆ ನೆಲವನ್ನು ಸೀಳಿದಂತೆ ಓದುಗರನ್ನೂ ಸೀಳಿತು. ಅಮೃತಸರದವನು ಬರೆದ ಹಾಸ್ಯಲೇಖನವನ್ನು ಲಾಹೋರಿನವನು ಓದಲಾರ. ಲಾಹೋರಿನವನದನ್ನು ಅಮೃತಸರದವನು ಓದಲಾರ. ಕಡಲಾಚೆ ಹುಟ್ಟಿದ ಮಕ್ಕಳಲ್ಲಿ ಅನೇಕರು ಎರಡನ್ನೂ ಓದಲಾರರು. ಆದರೆ ಕಿವಿಗೆ ಲಿಪಿಯಿಲ್ಲ. ಒಂದೇ ಬೀದಿಯ ಸಿಖ್ ದರ್ಜಿಯೂ ಮುಸಲ್ಮಾನ್ ಟ್ಯಾಕ್ಸಿಯವನೂ ಹಿಂದೂ ಅಂಗಡಿಕಾರನೂ ಒಂದೇ ಮಾತಿಗೆ ಒಂದೇ ಕ್ಷಣದಲ್ಲಿ ನಗಬಲ್ಲರು. ಮತಭೇದವನ್ನು ಬದಿಗಿರಿಸಿ ಪಂಜಾಬಿಗಳನ್ನು ಮತ್ತೆ ಒಂದುಗೂಡಿಸುವುದು ತನ್ನ ಗುರಿಯೆಂದು ಸೌಥಾಲಿನ ದೇಸಿ ರೇಡಿಯೋ ಆರಂಭದಿಂದಲೂ ಹೇಳುತ್ತ ಬಂದಿದೆ. ಉಪನ್ಯಾಸದಿಂದ ಈ ಕೆಲಸ ಆಗದೆಂದಲ್ಲ. ಉಪನ್ಯಾಸಕ್ಕೆ ಜನ ಬರಬೇಕು. ಹಾಸ್ಯ ತಾನೇ ಜನರ ಅಡಿಗೆಮನೆಗೆ ಹೋಗುತ್ತದೆ.

ಇಲ್ಲಿ ಒಂದು ಭೇದವನ್ನು ಸ್ಪಷ್ಟಮಾಡಬೇಕು. ತಾನು ನಗುವುದು ಬೇರೆ, ನಗೆಗೀಡಾಗುವುದು ಬೇರೆ. ಸರ್ದಾರ್ಜಿಯ ಹಾಸ್ಯಗಳೆಂದು ನಮ್ಮ ದೇಶದಲ್ಲೆಲ್ಲ ಓಡಾಡುವ ಚಟಾಕಿಗಳು ಯಾರಿಗೆ ಗೊತ್ತಿಲ್ಲ? ಅವನ್ನು ತಡೆಯಬೇಕೆಂದು ಸರ್ವೋಚ್ಚ ನ್ಯಾಯಾಲಯದವರೆಗೆ ಅರ್ಜಿ ಹೋಯಿತು. ನಾಗರಿಕರ ನಡತೆಗೆ ನೈತಿಕ ನಿಯಮಗಳನ್ನು ಹಾಕಲು ತನ್ನಿಂದಾಗದೆಂದು ನ್ಯಾಯಾಲಯ 2017ರಲ್ಲಿ ಹೇಳಿತು. ಬ್ರಿಟನ್ನಿನಲ್ಲಿ 1977ರಲ್ಲಿ ಆರಂಭವಾದ ‘ಮೈಂಡ್ ಯುವರ್ ಲಾಂಗ್ವೇಜ್’ ಎಂಬ ದೂರದರ್ಶನ ವಿನೋದದಲ್ಲಿ ರಂಜೀತ್ ಸಿಂಗ್ ಎಂಬ ಪಾತ್ರವಿತ್ತು. ಅದನ್ನು ಅಭಿನಯಿಸಿದವರು ಸಿಂಹಳದಲ್ಲಿ ಹುಟ್ಟಿದ ಆಲ್ಬರ್ಟ್ ಮೋಸಸ್. ಪಂಜಾಬಿಯ ಹೆಸರು, ಪಂಜಾಬಿಯ ಪೇಟ. ಒಳಗೆ ಪಂಜಾಬಿ ಇಲ್ಲ. ಅದನ್ನು ನೋಡಿ ಬೆಳೆದ ಹುಡುಗನಿಗೆ ತನ್ನ ತಂದೆಯ ಉಚ್ಚಾರಣೆ ನಾಚಿಕೆಯ ವಿಷಯವಾಗಿ ಕಂಡರೆ ಆಶ್ಚರ್ಯವೇನು? ಅದೇ ಉಚ್ಚಾರಣೆಯನ್ನು ಸಮುದಾಯ ಬಾನುಲಿಯಲ್ಲಿ ತನ್ನವರೇ ಆಡಿ ನಗಿಸಿದಾಗ ನಾಚಿಕೆ ಹೋಗಿ ಸಲಿಗೆ ಬರುತ್ತದೆ. ಸರ್ದಾರ್ಜಿಯ ಹಾಸ್ಯಗಳನ್ನು ಸ್ವತಃ ಸಂಗ್ರಹಿಸಿ ಹಂಚಿದ ಖುಷ್ವಂತ್ ಸಿಂಗರಿಗೆ ಈ ಭೇದ ಚೆನ್ನಾಗಿ ಗೊತ್ತಿತ್ತೆಂದು ತೋರುತ್ತದೆ.

1996ರಲ್ಲಿ ಬಿ.ಬಿ.ಸಿ.ಯ ರೇಡಿಯೋದಲ್ಲಿ ‘ಗುಡ್‌ನೆಸ್ ಗ್ರೇಷಿಯಸ್ ಮಿ’ ಎಂಬ ವಿನೋದಮಾಲೆ ಆರಂಭವಾಗಿ 1998ರಲ್ಲಿ ದೂರದರ್ಶನಕ್ಕೆ ಹೋಯಿತು. ಮೀರಾ ಸ್ಯಾಲ್, ಸಂಜೀವ್ ಭಾಸ್ಕರ್, ಕುಲ್ವಿಂದರ್ ಘೀರ್, ನೀನಾ ವಾಡಿಯಾ ಅದರ ಮುಖ್ಯ ನಟರು. ಭಾರತೀಯರ ಗುಂಪೊಂದು ಇಂಗ್ಲಿಷರ ಹೋಟೆಲಿಗೆ ಹೋಗಿ, ಎಲ್ಲಕ್ಕಿಂತ ಸಪ್ಪೆಯಾದದ್ದನ್ನು ತಾ ಎಂದು ಕೇಳುವ ಪ್ರಸಂಗ ಅದರಲ್ಲಿ ಪ್ರಸಿದ್ಧ. ಅಷ್ಟು ದಿನ ನೋಡುತ್ತಿದ್ದವನನ್ನೇ ನೋಡುವ ಸ್ಥಾನಕ್ಕೆ ತಂದದ್ದು ಆ ಹಾಸ್ಯದ ದೊಡ್ಡಸ್ತಿಕೆ. ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೂ ಅದರ ಭಾಷೆ ಇಂಗ್ಲಿಷ್. ಅದು ಮಕ್ಕಳ ಅಭಿಮಾನವನ್ನು ಕಾಪಾಡಿತು, ಅಜ್ಜಿಯ ಮಾತನ್ನು ಕಾಪಾಡಲಿಲ್ಲ; ಅಜ್ಜಿಗೆ ಅದು ಅರ್ಥವೂ ಆಗಿರಲಾರದು. ಮೂರು ತಲೆಮಾರಿನವರು ಒಂದೇ ಕೋಣೆಯಲ್ಲಿ ಕುಳಿತು ನಗಬೇಕಾದರೆ ಮನೆಮಾತಿನ ಹಾಸ್ಯವೇ ಆಗಬೇಕು.

ಮನೆಮಾತೆಂದರೆ ಶುದ್ಧವಾದ ಗ್ರಾಂಥಿಕ ಪಂಜಾಬಿಯೆಂದು ಯಾರೂ ಭಾವಿಸಬಾರದು. ಅಲ್ಲಿಯವರು ‘ವೇಟ್ ಕರನಾ’ ಎನ್ನುತ್ತಾರೆ. ನಾವು ‘ವೇಟ್ ಮಾಡು’ ಎನ್ನುವುದಿಲ್ಲವೇ? ಶಬ್ದ ಇಂಗ್ಲಿಷು, ಬೆನ್ನೆಲುಬು ತನ್ನದು. ಕೈಲಾಸಂ ಅವರ ನಾಟಕಗಳಲ್ಲಿ ಇಂಗ್ಲಿಷ್ ಬೆರೆತ ಕನ್ನಡವನ್ನು ಕೇಳಿ ನಕ್ಕ ನಮಗೆ ಈ ಮಿಶ್ರಣ ಹೊಸದಲ್ಲ. ಕೆನಡಾದಲ್ಲಿ 2008ರಿಂದ ಹಿಮದ ಹಾಕಿ ಪಂದ್ಯಗಳಿಗೆ ಪಂಜಾಬಿಯಲ್ಲಿ ವೀಕ್ಷಕ ವಿವರಣೆ ಬರುತ್ತಿದೆ. 2016ರ ಅಂತಿಮ ಸರಣಿಯಲ್ಲಿ ಬೊನೀನೋ ಎಂಬ ಆಟಗಾರ ಗೋಲು ಹೊಡೆದಾಗ ವಿವರಣೆಕಾರ ಹರ್ನಾರಾಯಣ್ ಸಿಂಗರು ಅವನ ಹೆಸರನ್ನೇ ಉಸಿರು ಬಿಡದೆ ಮೇಲಿಂದ ಮೇಲೆ ಕೂಗಿದ್ದು ಆ ದೇಶವನ್ನೆಲ್ಲ ನಗಿಸಿತು. ಅದು ದೂರದರ್ಶನದ ಮಾತಾದರೂ ನನ್ನ ವಾದಕ್ಕೆ ಒದಗುತ್ತದೆ. ಹಿಮದ ಮೇಲಿನ ಆಟಕ್ಕೆ ಗೋಧಿ ಹೊಲದ ಮಾತನ್ನು ಹೊಂದಿಸುವ ಭಾಷೆಗೆ ಸಾಯುವ ಹೊತ್ತು ಇನ್ನೂ ಬಂದಿಲ್ಲ.

ಈಗ ಆಕ್ಷೇಪಣೆಗಳನ್ನು ನೋಡೋಣ. ಮೊದಲನೆಯದು, ಗುರುದ್ವಾರಗಳಲ್ಲಿ ವಾರಕ್ಕೊಮ್ಮೆ ಪಂಜಾಬಿ ಪಾಠ ನಡೆಯುತ್ತದೆ, ಅದಿರುವಾಗ ಹಾಸ್ಯದ ಹಂಗೇಕೆ ಎಂಬುದು. ಆ ಪಾಠಶಾಲೆಗಳ ಸೇವೆ ದೊಡ್ಡದು. ಅಕ್ಷರ ಕಲಿಸುವವರು ಅವರೇ. ಆದರೆ ಮಗುವಿಗೆ ಮನೆಮಾತು ಪ್ರಾರ್ಥನೆಯ ಹೊತ್ತಿಗೂ ಗದರಿಕೆಯ ಹೊತ್ತಿಗೂ ಮಾತ್ರ ಕೇಳಿಬಂದರೆ, ಅದು ಗೌರವದ ವಸ್ತುವಾದೀತೇ ಹೊರತು ಗೆಳೆಯನಾಗದು. ಆಟದ ಬಯಲಿಗೆ ಒಯ್ಯಲಾಗದ ಭಾಷೆಯನ್ನು ಮಗು ಬಾಗಿಲಲ್ಲೇ ಬಿಟ್ಟು ಹೋಗುತ್ತದೆ.

ಎರಡನೆಯ ಆಕ್ಷೇಪಣೆ ಹೆಚ್ಚು ತೂಕದ್ದು. ಈ ಹಾಸ್ಯದಲ್ಲಿ ಒರಟುತನವುಂಟು. ಸೊಸೆಯನ್ನು ಹಂಗಿಸುವುದು, ಕಪ್ಪು ಬಣ್ಣವನ್ನು ಹಳಿಯುವುದು, ಜಾತಿಯನ್ನು ಸೂಚಿಸಿ ನಗುವುದು, ನಿನ್ನೆ ಬಂದಿಳಿದ ವಿದ್ಯಾರ್ಥಿಯ ಇಂಗ್ಲಿಷನ್ನು ಆಡಿಕೊಳ್ಳುವುದು — ಇವೆಲ್ಲ ಅದರಲ್ಲಿ ನುಸುಳುತ್ತವೆ. ಕೆನಡಾ ಸರ್ಕಾರ 2024ರ ಜನವರಿಯಲ್ಲಿ ವಿದೇಶಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿತು. ಅಂಥ ಕಾಲದಲ್ಲಿ ನೆಲಮಾಳಿಗೆಯ ಕೋಣೆಯಲ್ಲಿ ನಾಲ್ಕೈದು ಮಂದಿ ಒಟ್ಟಿಗೆ ಬದುಕುವ ಹೊಸ ಹುಡುಗರನ್ನು ಹಳೆಯ ವಲಸೆಗಾರರೇ ಪರಿಹಾಸ ಮಾಡಿದರೆ ಅದು ನಂಟನ್ನು ಬೆಸೆಯುವ ನಗೆಯಲ್ಲ, ನಂಟನ್ನು ಕಡಿಯುವ ನಗೆ. ಭಾಂಡನ ಏಟು ಮೇಲಿನವನಿಗೆ ತಾಗುತ್ತಿತ್ತು. ಕೆಳಗಿನವನಿಗೆ ತಾಗುವ ಏಟಿಗೆ ಪರಂಪರೆಯ ಆಶ್ರಯವಿಲ್ಲ. ಪಂಜಾಬಿ ಮದುವೆಗಳಲ್ಲಿ ಹೆಂಗಸರು ಬೀಗರನ್ನು ಹಂಗಿಸಿ ಹಾಡುವ ಸಿಠ್ಠಣಿ ಎಂಬ ಹಾಡುಗಳಿವೆ. ನಮ್ಮ ಬೀಗರ ಹಾಡುಗಳಂತೆಯೇ ಅವು. ಅಲ್ಲಿ ಹಂಗಿಸುವವಳು ಹೆಣ್ಣು, ಬೈಸಿಕೊಳ್ಳುವವನು ಗಂಡಿನ ಕಡೆಯ ದೊಡ್ಡಸ್ತ. ಆ ಹೆಣ್ಣುದನಿಗೆ ಧ್ವನಿವರ್ಧಕದ ಮುಂದೆ ಇನ್ನೂ ಹೆಚ್ಚು ಜಾಗ ಸಿಕ್ಕಿದರೆ ಒರಟುತನ ತಾನಾಗಿ ತಗ್ಗೀತು. ದೋಷವಿದೆಯೆಂದು ಬಾಯಿ ಮುಚ್ಚಿಸುವುದಕ್ಕಿಂತ ಮಾತಾಡದವರ ಬಾಯಿ ಬಿಡಿಸುವುದು ಮೇಲು.

ಮೂರನೆಯದು, ತರುಣರು ಈಗ ರೇಡಿಯೋ ಕೇಳುವುದಿಲ್ಲ, ಅಂಗೈಯ ಮೊಬೈಲಿನಲ್ಲಿ ಅರ್ಧ ನಿಮಿಷದ ಚಿತ್ರಗಳನ್ನು ನೋಡುತ್ತಾರೆ ಎಂಬುದು. ನಿಜ. ಆ ಚಿತ್ರಗಳಲ್ಲಿಯೂ ಪಂಜಾಬಿ ವಿನೋದ ಹೇರಳವಾಗಿದೆ. ಆದರೆ ಅದನ್ನು ಪ್ರತಿಯೊಬ್ಬನೂ ಕಿವಿಗೆ ಗುಂಡಿ ಸಿಕ್ಕಿಸಿಕೊಂಡು ಒಬ್ಬನೇ ನೋಡುತ್ತಾನೆ. ಬಾನುಲಿ ಅಡಿಗೆಮನೆಯಲ್ಲಿ, ಕಾರಿನಲ್ಲಿ, ಅಂಗಡಿಯಲ್ಲಿ ಎಲ್ಲರಿಗೂ ಕೇಳುವಂತೆ ಮಾತಾಡುತ್ತದೆ. ಕೇಳುಗನು ದೂರವಾಣಿ ಮಾಡಿ ಉತ್ತರ ಕೊಡಬಹುದು. ನಾಳೆ ಪೇಟೆಯಲ್ಲಿ ಅವನನ್ನು ಗುರುತಿಸಿ ‘ನಿನ್ನೆ ಮಾತಾಡಿದವರು ನೀವೇ ಅಲ್ಲವೇ?’ ಎನ್ನುವವರಿರುತ್ತಾರೆ. ಯಂತ್ರ ಬದಲಾಗಲಿ. ಕೂಡಿ ಕೇಳುವ ಪದ್ಧತಿ, ತಿರುಗಿ ಮಾತಾಡುವ ಅವಕಾಶ ಇವೆರಡು ಉಳಿದರೆ ಸಾಕು.

ಇಷ್ಟೆಲ್ಲ ದೂರದ ಮಾತನ್ನು ನಮ್ಮ ಪತ್ರಿಕೆಯಲ್ಲಿ ಬರೆದದ್ದಕ್ಕೆ ಒಂದು ಹತ್ತಿರದ ಕಾರಣವೂ ಇದೆ. ನಮ್ಮ ಜಿಲ್ಲೆಯ ಕನ್ನಡ ಉರ್ದು, ಮರಾಠಿ, ತೆಲುಗುಗಳೊಡನೆ ಬೆರೆತು ಬಾಳಿದ ಕನ್ನಡ. ‘ಖರೆ’ ಎಂದೂ ‘ಛಲೋ’ ಎಂದೂ ಹೇಳುವುದು ನಮಗೆ ಉಸಿರಾಟದಷ್ಟು ಸಹಜ. ದೂರದ ಊರೊಂದರಲ್ಲಿ ನಡೆದ ಅಂತರ ಕಾಲೇಜು ಚರ್ಚಾಸ್ಪರ್ಧೆಯಲ್ಲಿ ನಾನು ಬಾಯಿ ತೆರೆದ ಕೂಡಲೇ ಸಭೆಯಲ್ಲಿ ನಗೆಯೆದ್ದಿತು. ನನ್ನ ವಾದಕ್ಕಲ್ಲ, ನನ್ನ ರಾಗಕ್ಕೆ. ಅಂಥ ನಗೆ ಕೇಳಿದ ನಮ್ಮ ಅನೇಕ ಮಿತ್ರರು ಊರ ಮಾತನ್ನು ಊರಲ್ಲೇ ಬಿಟ್ಟು ಹೋಗುತ್ತಾರೆ. ಇದೇ ಮಣ್ಣಿನ ಚಿಟಗುಪ್ಪದಲ್ಲಿ ಹುಟ್ಟಿದ ಸುಲೇಮಾನ್ ಖತೀಬರು ಹಳ್ಳಿಯ ದಖ್ಖನಿಯಲ್ಲಿ ವಿನೋದ ಕವಿತೆ ಕಟ್ಟಿ ದೊಡ್ಡ ದೊಡ್ಡ ಮುಷಾಯಿರಾಗಳನ್ನು ನಗಿಸಿದರು. ಯಾರೂ ಅವರ ಮಾತನ್ನು ಹಾಸ್ಯ ಮಾಡುವ ಧೈರ್ಯಮಾಡಲಿಲ್ಲ. ಹಾಸ್ಯವನ್ನು ಅವರೇ ಮೊದಲು ಮಾಡಿ ಮುಗಿಸಿದ್ದರು!

ನಮ್ಮ ದೇಶದಲ್ಲಿ 2002ರ ಅಂತ್ಯದಲ್ಲಿ ವಿದ್ಯಾಸಂಸ್ಥೆಗಳಿಗೂ 2006ರಲ್ಲಿ ಸಂಘ ಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಬಾಗಿಲನ್ನು ತೆರೆಯಲಾಗಿದೆ. ಅದರ ಶಕ್ತಿ ಅಲ್ಪ. ಹತ್ತು ಹದಿನೈದು ಕಿಲೋಮೀಟರಿನಾಚೆ ಕೇಳಿಸದು. ಆದರೆ ಒಂದು ಊರು, ಅದರ ಸುತ್ತಿನ ಹಳ್ಳಿಗಳು ಕೇಳಿದರೆ ಸಾಲದೇ? ನಮ್ಮ ಕಾಲೇಜು ಇದಕ್ಕೆ ಅರ್ಜಿ ಹಾಕಬೇಕೆಂದು ಪ್ರಾಂಶುಪಾಲರಲ್ಲಿಯೂ ಅಧ್ಯಾಪಕ ವರ್ಗದಲ್ಲಿಯೂ ವಿನಂತಿಸುತ್ತೇನೆ. ಅದು ತಡವಾಗುವುದಾದರೆ, ಈ ರಜೆಯಲ್ಲಿ ನಾವು ವಿದ್ಯಾರ್ಥಿಗಳೇ ನಮ್ಮ ನಮ್ಮ ಅಜ್ಜಿಯರ ಗಾದೆ, ಒಗಟು, ಬೀಗರ ಹಾಡು, ಕುಚೋದ್ಯದ ಕಥೆಗಳನ್ನು ಮೊಬೈಲಿನಲ್ಲಿಯೇ ಧ್ವನಿಮುದ್ರಿಸಿ ಗ್ರಂಥಾಲಯಕ್ಕೆ ಒಪ್ಪಿಸೋಣ. ಕನ್ನಡ, ದಖ್ಖನಿ, ಮರಾಠಿ, ಲಂಬಾಣಿ, ತೆಲುಗು, ಝೀರಾದ ಬಳಿಯ ಪಂಜಾಬಿ ಯಾವುದಾದರೂ ಸರಿ.

ಸೌಥಾಲಿನ ಮಕ್ಕಳು ಏಳು ಕಡಲು ದಾಟಿ ಹೋಗಿ ತಮ್ಮ ಮಾತನ್ನು ಹುಡುಕಿಕೊಳ್ಳಬೇಕಾಯಿತು. ನಮಗಿನ್ನೂ ಅದು ಪಕ್ಕದ ಕೋಣೆಯಲ್ಲಿ ಕೇಳಿಸುತ್ತಿದೆ. ಕೇಳಿಸುತ್ತಿರುವಾಗಲೇ ಹೋಗಿ ಕುಳಿತು ಕೇಳೋಣ. ಅವರು ನಗಿಸಿದರೆ ನಗೋಣ. ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಎಂದು ಕೇಳೋಣ. ಹಿರಿಯರು ಇನ್ನೊಮ್ಮೆ ಹೇಳಲು ಎಂದೂ ಬೇಸರಪಡುವುದಿಲ್ಲ.